ಇಪ್ಪತ್ತೆರಡಕ್ಕೇ ಬಸಿರಲ್ಲಿ ಶುಗರ್ ಬರುತ್ತಾ ಡಾಕ್ಟ್ರೇ?

ಪ್ರಶ್ನೆ: ನಾನು ಹಾಸನದೋಳು, ಮದುವೆಯಾಗಿ ಇಂಗ್ಲೆಂಡಿನ ಸ್ಲೌನಲ್ಲಿದೀನಿ. 26 ವರ್ಷ, 52 ಕೆಜಿ, ಈಗ ಐದು ತಿಂಗಳು. ಮಿಡ್‌ವೈಫ್ ಶುಗರ್ ಟೆಸ್ಟಿಗೆ ಬರ್ಕೊಟ್ರು. ಆಫೀಸಲ್ಲಿ ನನ್ ಪಕ್ಕ ಕೂರೋ ಇಂಗ್ಲಿಷ್ ಫ್ರೆಂಡಿಗೆ 36, ಅವಳೂ ಬಸುರಿ, ಅವಳಿಗೆ ಬೇಡ್ವಂತೆ. ಯಾಕೆ ಅಂತ ಕೇಳಿದ್ರೆ ನಿಮ್ಮ ಜನಾಂಗ ಅಂದ್ರು. ತುಂಬಾ ಬೇಜಾರಾಯ್ತು.

ಉತ್ತರ: ಬೇಜಾರು ಅರ್ಥ ಆಗುತ್ತಮ್ಮಾ, ಆದ್ರೆ ಟೆಸ್ಟ್ ಮಾತ್ರ ಬಿಡ್ಬೇಡ. ಅಲ್ಲಿನ ರೂಲ್ಸ್ ಪ್ರಕಾರ ತೂಕ ಜಾಸ್ತಿ ಇರೋರು, ಹಿಂದೆ ನಾಲ್ಕೂವರೆ ಕೆಜಿ ಅಥವಾ ಅದಕ್ಕಿಂತ ದೊಡ್ಡ ಮಗು ಹೆತ್ತೋರು, ಹಿಂದಿನ ಬಸಿರಲ್ಲಿ ಶುಗರ್ ಬಂದಿರೋರು, ಅಪ್ಪ ಅಮ್ಮ ಒಡಹುಟ್ಟಿದೋರಿಗೆ ಶುಗರ್ ಇರೋರು, ಆಮೇಲೆ ಶುಗರ್ ಜಾಸ್ತಿ ಇರೋ ಜನಾಂಗದೋರು, ಇವರಿಗೆಲ್ಲ 24ರಿಂದ 28 ವಾರದಲ್ಲಿ ಟೆಸ್ಟ್ ಮಾಡಿಸ್ತಾರೆ, ವಯಸ್ಸು ಆ ಲಿಸ್ಟಲ್ಲೇ ಇಲ್ಲ. ವಯಸ್ಸಾದಷ್ಟೂ ರಿಸ್ಕ್ ಜಾಸ್ತಿ ಅನ್ನೋದು ನಿಜಾನೇ, ಆದ್ರೆ ಎಲ್ಲರಿಗೂ ಒಂದೇ ವಯಸ್ಸಿಗೆ ಏರಲ್ಲ. ವಾಯುವ್ಯ ಲಂಡನ್ನಿನ ಹೆರಿಗೆ ದಾಖಲೆ ಇಟ್ಕೊಂಡು ಮಾಡಿದ ಒಂದು ಅಧ್ಯಯನ 2012ರಲ್ಲಿ ಬಂತು, ಅದ್ರಲ್ಲಿ ಬಿಳಿಯ ಹೆಂಗಸರಿಗೆ ರಿಸ್ಕ್ ಏರೋದು 30 ದಾಟಿದ್ಮೇಲೆ, ಕಪ್ಪು ಹೆಂಗಸರಿಗೆ 25 ದಾಟಿದ್ಮೇಲೆ, ನಮ್ ಕಡೆಯೋರಿಗೆ, ಅಂದ್ರೆ ದಕ್ಷಿಣ ಏಷ್ಯಾದೋರಿಗೆ, 20 ದಾಟಿದ್ರೇ ಸಾಕು! ನೋಡೋಕೆ ಸಣ್ಣಗಿದ್ರೂ ನಮ್ಮಲ್ಲಿ ಸ್ನಾಯು ಕಮ್ಮಿ, ಹೊಟ್ಟೆ ಒಳಗಿನ ಕೊಬ್ಬು ಜಾಸ್ತಿ, ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಮಾತು ಮೈ ಅಷ್ಟಾಗಿ ಕೇಳಲ್ಲ. ಐದು ತಿಂಗಳು ದಾಟಿದ್ಮೇಲೆ ಮಾಸು ಬಿಡೋ ಹಾರ್ಮೋನು ಆ ಇನ್ಸುಲಿನ್ನನ್ನ ಇನ್ನೂ ತಡೆಯುತ್ತೆ, ಅದನ್ನ ಮೀರಿಸೋವಷ್ಟು ಇನ್ಸುಲಿನ್ ಮಾಡೋಕೆ ಆಗ್ದಿದ್ರೆ ಶುಗರ್ ಏರುತ್ತೆ. 52 ಕೆಜಿ ನಿನ್ನನ್ನ ಕಾಪಾಡಲ್ಲ ಮಗಳೇ.

ಪ್ರಶ್ನೆ: ದಾವಣಗೆರೆ ಹತ್ರದ ಹಳ್ಳಿ ನಮ್ದು. ಮಗಳಿಗೆ 22, ಏಳನೇ ತಿಂಗಳು. ಪಿಎಚ್‌ಸಿಲಿ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದ್ರೆ 148 ಬಂತು. ಅವಳು ತಿಂಡಿ ತಿಂದ್ಕೊಂಡೇ ಹೋಗಿದ್ಲು, ಹಂಗಾಗಿ ತಪ್ಪು ಬಂದಿರ್ಬೇಕಲ್ವಾ? ಈ ವಯಸ್ಸಲ್ಲಿ ಶುಗರ್ ಅಂದ್ರೆ ಬೀಗರು ಏನಂತಾರೋ ಅಂತ ಭಯ.

ಉತ್ತರ: ತಪ್ಪಿಲ್ಲಮ್ಮ. ನಮ್ಮ ದೇಶದ ಸರ್ಕಾರಿ ಪದ್ಧತಿನೇ ಹಾಗೆ, ಖಾಲಿ ಹೊಟ್ಟೆ ಬೇಕಿಲ್ಲ, 75 ಗ್ರಾಂ ಗ್ಲೂಕೋಸು ನೀರಲ್ಲಿ ಕದಡಿ ಐದ್ ಹತ್ ನಿಮಿಷದಲ್ಲಿ ಕುಡಿಸ್ತಾರೆ, ಅರ್ಧ ಗಂಟೆ ಒಳಗೆ ವಾಂತಿ ಆದ್ರೆ ಮಾರನೇ ದಿನ ಮತ್ತೆ, ಎರಡು ಗಂಟೆಗೆ 140 ಮುಟ್ಟಿದ್ರೆ ಶುಗರ್ ಅಂತಲೇ ಲೆಕ್ಕ. ಬೀಗರಿಗೆ ಹೇಳಿ, ಇದು ಸಿಹಿ ತಿಂದು ಮಾಡ್ಕೊಂಡಿದ್ದಲ್ಲ, ಹುಡುಗಿ ತಪ್ಪು ಏನೇನೂ ಇಲ್ಲ.

ಆದ್ರೆ ಊಟ ಮಾತ್ರ ಈಗ್ಲೇ ಬದಲಾಗ್ಬೇಕು. ಇಬ್ಬರ ಊಟ ತಿನ್ನು ಅಂತ ಬಡಿಸ್ತಾ ಇರ್ತೀರಲ್ಲ, ಅದು ನಿಲ್ಲಿಸಿ. ಮುದ್ದೆ ತಿಂದ್ರೆ ಶುಗರ್ ಏರಲ್ಲ ಅಂತ ಎರಡೆರಡು ಮುದ್ದೆ ನುಂಗಿ ಬರೋರನ್ನ ದಿನಾ ನೋಡ್ತೀನಿ, ರಾಗೀಲೂ ಪಿಷ್ಟನೇ ಇರೋದು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾಗಿ ಒಂದೇ ಮುದ್ದೆ ಕಟ್ಟಿ, ಜೊತೆಗೆ ಬಟ್ಟಲು ತುಂಬಾ ಸೊಪ್ಪಿನ ಸಾರು, ಕಾಳು, ತಿನ್ನೋರಾದ್ರೆ ಮೊಟ್ಟೆ. ಒಂದೇ ಸಲ ತುಂಬ್ಸದೆ ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ, ಉಂಡ ಮೇಲೆ ನಿಧಾನವಾಗಿ ನಡೀಲಿ. ಎರಡು ವಾರ ಬಿಟ್ಟು ಊಟ ಆದ ಎರಡು ಗಂಟೆಗೆ ನೋಡ್ದಾಗ 120ರ ಕೆಳಗೆ ಬರ್ದಿದ್ರೆ ಮಾತ್ರೆನೋ ಇನ್ಸುಲಿನ್ನೋ ಡಾಕ್ಟ್ರು ಶುರು ಮಾಡ್ತಾರೆ. ಇನ್ಸುಲಿನ್ ಮಗೂಗೆ ದಾಟಲ್ಲ, ದಾಟೋದು ಸಕ್ಕರೆ, ಅದಕ್ಕೇ ಮಗು ಊದ್ಕೊಂಡು ಹೆರಿಗೆ ಕಷ್ಟ ಆಗೋದು.

ಹೆರಿಗೆ ಆಗಿ ಶುಗರ್ ನಾರ್ಮಲ್ ಬಂತು ಅಂತ ಎಲ್ರೂ ಮರೆತು ಬಿಡ್ತಾರೆ, ನನಗೆ ಅತೀ ಸಂಕಟ ಆಗೋದು ಇಲ್ಲೇ. ಬಸಿರಲ್ಲಿ ಶುಗರ್ ಬಂದೋರಿಗೆ ಮುಂದೆ ಕಾಯಂ ಆಗೋ ಸಾಧ್ಯತೆ ಬೇರೆಯೋರಿಗಿಂತ ಎಷ್ಟೋ ಪಟ್ಟು. ಮಗೂನ ಆರು ವಾರದ ಇಂಜೆಕ್ಷನ್ನಿಗೆ ಕರ್ಕೊಂಡು ಹೋಗೇ ಹೋಗ್ತೀರಿ, ಅವತ್ತೇ ತಾಯಿಗೂ ಅದೇ ಗ್ಲೂಕೋಸ್ ಟೆಸ್ಟ್ ಮಾಡಿಸಿ, ಆಮೇಲೆ ವರ್ಷಕ್ಕೊಂದು ಸಲ. ತಾಯಿ ಕಾರ್ಡ್ ಮೇಲೆ ಆ ತಾರೀಖು ಈಗ್ಲೇ ಬರೆಸಿಟ್ಕೊಳ್ಳಿ.