ಇನ್ನೂರು ಮೀಟರ್ ಗುರಿಗೆ ಎಂಥ ಲೇಸರ್ ರೇಂಜ್‌ಫೈಂಡರ್?

ಪ್ರಶ್ನೆ: ನಾನು ತುಮಕೂರಿನವನು, ಸೇನೆಯಿಂದ ನಿವೃತ್ತನಾದವನು. ಪರವಾನಗಿ ಪಡೆದ .22 ರೈಫಲ್‌ನಲ್ಲಿ, ಶೂಟಿಂಗ್ ರೇಂಜ್‌ನೊಳಗೆ, 50ರಿಂದ 200 ಮೀಟರ್‌ವರೆಗೆ ಅಭ್ಯಾಸ ಮಾಡುತ್ತೇನೆ. ಅಲ್ಲಿ ಒಂದಡಿ ಅಗಲದ ಉಕ್ಕಿನ ಫಲಕಗಳನ್ನು ಪ್ರತಿ ವಾರವೂ ಬೇರೆ ಬೇರೆ ದೂರದಲ್ಲಿ ನಿಲ್ಲಿಸುವುದರಿಂದ ನನ್ನ ಅಂದಾಜು ತಪ್ಪುತ್ತಿದೆ. ಹನ್ನೆರಡು ಸಾವಿರ ರೂಪಾಯಿಯೊಳಗೆ, ಲೇಸರ್ ಬೆಳಕಿನಿಂದ 1000 ಗಜದವರೆಗೆ ದೂರ ಅಳೆಯುತ್ತದೆ ಎನ್ನುವ ಗಾಲ್ಫ್ ರೇಂಜ್‌ಫೈಂಡರ್ ಒಂದನ್ನು ನೋಡಿದ್ದೇನೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು, ಆದರೆ 1000 ಗಜ ಎಂಬ ಸಂಖ್ಯೆಯನ್ನು ನಂಬಿ ಅಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಗರಿಷ್ಠ ದೂರವು ರಸ್ತೆಯ ಸೂಚನಾಫಲಕದಂತೆ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುವ ವಸ್ತುವಿಗೆ ಅನ್ವಯಿಸುತ್ತದೆ. ಮಣ್ಣು, ಕಲ್ಲು, ಕಪ್ಪು ಬಣ್ಣ ಬಳಿದ ಉಕ್ಕು ಇವುಗಳ ವಿಷಯದಲ್ಲಿ, ಅದರಲ್ಲೂ ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ, ಅದರ ಅರ್ಧಕ್ಕಿಂತ ಹೆಚ್ಚನ್ನು ನಿರೀಕ್ಷಿಸಬಾರದು. ಅಷ್ಟಾದರೂ ನಿಮ್ಮ 200 ಮೀಟರ್‌ಗೆ ಧಾರಾಳವಾಗಿ ಸಾಕು.

ನಿಖರತೆಗೂ ಹೆಚ್ಚು ಹಣ ಸುರಿಯಬೇಕಿಲ್ಲ. 200 ಮೀಟರ್ ಸಮೀಪದಲ್ಲಿ ಸಾಧಾರಣ ವೇಗದ .22 ಗುಂಡು ಕಡಿದಾಗಿ ಇಳಿಯುತ್ತಿರುತ್ತದೆ. ದೂರದ ಲೆಕ್ಕ ಒಂದು ಮೀಟರ್ ತಪ್ಪಿದರೆ ಪೆಟ್ಟು ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ ಬೀಳುತ್ತದೆ, ಹತ್ತು ಮೀಟರ್ ತಪ್ಪಿದರೆ ಹದಿನೈದು ಸೆಂಟಿಮೀಟರ್, ಅಂದರೆ ನಡುವಿಗೆ ಹಿಡಿದ ಗುರಿ ನಿಮ್ಮ ಫಲಕದ ಅಂಚಿಗೆ ಹೋಗುತ್ತದೆ. ಕಣ್ಣಂದಾಜಿನಲ್ಲಿ ಹತ್ತು ಮೀಟರ್ ತಪ್ಪುವುದು ಅನುಭವಿಗಳಿಗೂ ಸಹಜ. ಅಗ್ಗದ ಉಪಕರಣಗಳೂ ಸಾಮಾನ್ಯವಾಗಿ ಕೊಡುವ ಒಂದು ಮೀಟರ್ ನಿಖರತೆ ಈ ಕೆಲಸಕ್ಕೆ ಸಾಕು.

ನಿಜವಾದ ತೊಡಕು ಇರುವುದು ಉಪಕರಣವು ಯಾವ ವಸ್ತುವಿನ ದೂರವನ್ನು ಹೇಳುತ್ತಿದೆ ಎಂಬುದರಲ್ಲಿ. ಇದರಿಂದ ಹೊರಡುವುದು ಸಾಮಾನ್ಯವಾಗಿ 905 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕು; ಅದು ಹೋಗಿ ಬರಲು ಹಿಡಿದ ಕಾಲದಿಂದ ದೂರದ ಲೆಕ್ಕ ಸಿಗುತ್ತದೆ. ಈ ಬೆಳಕು ದಾರದಂತೆ ನೇರವಾಗಿ ಹೋಗದೆ, ಮುಂದೆ ಹೋದಂತೆ ಹರಡುತ್ತದೆ. ಹರಡುವಿಕೆ 3 ಮಿಲಿರೇಡಿಯನ್, ಅಂದರೆ ಸಾವಿರ ಮೀಟರ್ ದೂರಕ್ಕೆ 3 ಮೀಟರ್, ಇದ್ದರೆ 200 ಮೀಟರ್‌ನಲ್ಲಿ ಅದರ ಅಗಲ 60 ಸೆಂಟಿಮೀಟರ್, ಅಂದರೆ ನಿಮ್ಮ ಫಲಕದ ಎರಡರಷ್ಟು. ಆದ್ದರಿಂದ ಫಲಕದ ಜೊತೆಗೆ ಅದರ ಹಿಂದಿನ ಮಣ್ಣಿನ ದಿಬ್ಬದಿಂದಲೂ, ಮುಂದಿನ ಹುಲ್ಲಿನಿಂದಲೂ ಬೆಳಕು ಮರಳುತ್ತದೆ. ಹಸಿರೆಲೆ ಈ ಅವಕೆಂಪು ಬೆಳಕನ್ನು ಬಹಳ ಚೆನ್ನಾಗಿ ಹಿಂದಿರುಗಿಸುವುದರಿಂದ, ಅಡ್ಡ ಬಂದ ಒಂದು ಹುಲ್ಲಿನ ಗರಿಯೂ ಅಳತೆಯನ್ನು ಕೆಡಿಸಬಲ್ಲದು.

ಗಾಲ್ಫ್ ಉಪಕರಣಗಳು ಬಾವುಟದ ಕೋಲನ್ನು ಹಿಡಿಯಬೇಕಾದ ಕಾರಣ ಹತ್ತಿರದ ವಸ್ತುವಿಗೆ ಆದ್ಯತೆ ಕೊಡುತ್ತವೆ. ಫಲಕದ ಮುಂದೆ ನೆಲ ಬೋಳಾಗಿದ್ದು ದಿಬ್ಬ ಬಹಳ ಹಿಂದಿದ್ದರೆ ಇದು ಅನುಕೂಲವೇ. ಮಳೆಗಾಲದಲ್ಲಿ ಹುಲ್ಲು ಎದ್ದಾಗ ಮಾತ್ರ ಇದೇ ಗುಣ ಮೋಸ ಮಾಡುತ್ತದೆ. ಹತ್ತಿರದ ವಸ್ತು, ದೂರದ ವಸ್ತು ಎಂಬ ಎರಡು ಆದ್ಯತೆಗಳ ನಡುವೆ ಬದಲಿಸಲು ಅವಕಾಶವಿರುವ ಮಾದರಿ ನಿಮ್ಮ ಬೆಲೆಯಲ್ಲಿ ಸಿಕ್ಕರೆ, ಉಳಿದ ಸೌಲಭ್ಯಗಳನ್ನೆಲ್ಲ ಬಿಟ್ಟಾದರೂ ಅದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ದೃಢವಾದ ಸಲಹೆ.

ಗಾಲ್ಫ್ ಮಾದರಿಗಳಲ್ಲಿ ಇಳಿಜಾರಿನ ಲೆಕ್ಕ, ಅಂದರೆ ಸ್ಲೋಪ್, ಇದ್ದರೆ ಅದನ್ನು ಆಫ್ ಮಾಡಿಬಿಡಿ. ಏರಿನಲ್ಲಿ ಚೆಂಡಿಗೆ ಹೆಚ್ಚು ಹೊಡೆತ ಬೇಕಾದ್ದರಿಂದ ಅದು ದೂರವನ್ನು ಕೂಡಿಸುತ್ತದೆ. ಗುಂಡಿನ ವಿಷಯದಲ್ಲಿ ಏರಾಗಲಿ ಇಳಿಜಾರಾಗಲಿ, ಲೆಕ್ಕಕ್ಕೆ ಹಿಡಿಯಬೇಕಾದ ದೂರ ಕಡಿಮೆಯೇ ಆಗುತ್ತದೆ. ಬಯಲಿನಲ್ಲಿ ಅದರ ಅಗತ್ಯವೂ ಇಲ್ಲ: 10 ಡಿಗ್ರಿ ಇಳಿಜಾರಿನಲ್ಲೂ 200 ಮೀಟರ್‌ಗೆ ವ್ಯತ್ಯಾಸ ಕೇವಲ 3 ಮೀಟರ್. ಗಜ ಮತ್ತು ಮೀಟರ್‌ಗಳ ಗೊಂದಲ ಇದಕ್ಕಿಂತ ದೊಡ್ಡದು. 200 ಗಜವೆಂದರೆ ಸುಮಾರು 183 ಮೀಟರ್. ಒಂದನ್ನು ಇನ್ನೊಂದೆಂದು ಓದಿದರೆ ಗುಂಡು ಫಲಕಕ್ಕೇ ತಾಗದು.

ಗಾಜು ಆರು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು. ಇಂಥ ಹಲವು ಉಪಕರಣಗಳಿಗೆ ಹಾಕುವ ಸಿಆರ್2 ಬ್ಯಾಟರಿ ಸಣ್ಣ ಊರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗದಿರುವುದರಿಂದ, ಮೊಬೈಲ್ ಚಾರ್ಜರ್‌ನಿಂದ ಚಾರ್ಜ್ ಆಗುವಂಥದ್ದು ಒಳ್ಳೆಯದು.

ಕೊಂಡ ವಾರದಲ್ಲೇ, ಹಿಂದಿರುಗಿಸುವ ಗಡುವು ಮೀರುವ ಮೊದಲು, ರೈಫಲ್ ಇಲ್ಲದೆ ಉಪಕರಣವನ್ನಷ್ಟೇ ಹಿಡಿದು ಊರಿನ ಕೆರೆ ಏರಿಗೆ ಹೋಗಿ ಟೇಪಿನಲ್ಲಿ 100 ಮೀಟರ್ ಅಳೆದು, ಅಲ್ಲಿ ಹಲಗೆ ನಿಲ್ಲಿಸಿ ಹತ್ತು ಬಾರಿ ನೋಡಿ. ಆಮೇಲೆ ಬಯಲಿನಲ್ಲಿ ಒಂಟಿಯಾಗಿ ನಿಂತ ಕಂಬವೊಂದನ್ನು ಆರಿಸಿ, ಉಪಕರಣದೊಳಗೆ ಕಾಣುವ ಗುರಿಯ ಗುರುತನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತಾ ಕಂಬದ ದೂರ ಎಲ್ಲಿ ಕಾಣಿಸಿ ಎಲ್ಲಿ ಮಾಯವಾಗುತ್ತದೆ ಎಂದು ಬರೆದುಕೊಳ್ಳಿ. ಅಗ್ಗದ ಉಪಕರಣಗಳಲ್ಲಿ ಬೆಳಕು ಗುರುತಿನ ನಡುವಿಗೆ ಬೀಳದೆ ಸ್ವಲ್ಪ ಪಕ್ಕಕ್ಕೆ ಬೀಳುವುದುಂಟು. ಅದು ಎಷ್ಟು, ಯಾವ ಕಡೆಗೆ ಎಂದು ತಿಳಿದ ಮೇಲೆ ಶೂಟಿಂಗ್ ರೇಂಜ್‌ನಲ್ಲಿ ಅಷ್ಟನ್ನು ಸರಿಹೊಂದಿಸಿ ಹಿಡಿಯಬಹುದು. ಹೀಗೆ ಪಕ್ಕಕ್ಕೆ ಸರಿಯುವುದು ಫಲಕದ ಅಗಲಕ್ಕಿಂತ ಹೆಚ್ಚೆಂದು ಕಂಡರೆ ಹಿಂದಿರುಗಿಸಿ ಬೇರೆಯದನ್ನು ತರಿಸಿಕೊಳ್ಳಿ.