ನೆಂಟರ ಸಾಲವಿರುವಾಗ ದಿವಾಳಿ ಅರ್ಜಿ

ಪ್ರಶ್ನೆ: ಮಂಡ್ಯದಲ್ಲಿ ನನ್ನದೊಂದು ರಸಗೊಬ್ಬರದ ಅಂಗಡಿಯಿತ್ತು. ಕಬ್ಬು ಬೆಳೆಗಾರರಿಗೆ ಕೊಟ್ಟ ಉದ್ದರಿ ವಸೂಲಾಗದೆ ಬಾಗಿಲು ಮುಚ್ಚಿದೆ. ಬ್ಯಾಂಕಿನ ಸಾಲಕ್ಕೆ ಭಾವಮೈದ ಜಾಮೀನು ನಿಂತಿದ್ದಾರೆ. ಸೋದರಮಾವ ಪತ್ರವಿಲ್ಲದೆ 4 ಲಕ್ಷ ರೂಪಾಯಿ ಕೈಸಾಲ ಕೊಟ್ಟಿದ್ದಾರೆ. ಅಕ್ಕನ ಒಡವೆಗಳನ್ನು ನನ್ನ ಹೆಸರಿನಲ್ಲಿ ಗಿರವಿ ಇಟ್ಟಿದ್ದೇನೆ. ನನಗೆ ಉಳಿದಿರುವುದು ಒಂದು ನಿವೇಶನ. ಅದನ್ನು ಅಕ್ಕನಿಗೆ ಬರೆದುಕೊಟ್ಟು, ಮಾವನ ಹೆಸರನ್ನು ಎಲ್ಲಿಯೂ ತರದೆ, ಆಮೇಲೆ ದಿವಾಳಿ ಅರ್ಜಿ ಹಾಕಬಹುದೇ?
— ಹೆಸರು ಬೇಡ, ಮಂಡ್ಯ

ಉತ್ತರ: ಹಬ್ಬಕ್ಕೂ ತಿಥಿಗೂ ಮುಖ ನೋಡಬೇಕಾದವರ ಋಣ ಮೊದಲು ತೀರಲಿ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ನೀವು ಹೇಳಿದ ಕ್ರಮದಲ್ಲಿ ನಡೆದರೆ ನಿವೇಶನ ಅಕ್ಕನ ಕೈಯಲ್ಲಿ ನಿಲ್ಲುವುದು ಕಷ್ಟ, ಸಾಲದಿಂದ ನಿಮಗೆ ಸಿಗಬೇಕಾದ ಬಿಡುಗಡೆಗೂ ಅದೇ ಅಡ್ಡಿಯಾಗುತ್ತದೆ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ಬಂದಿರುವುದರಿಂದ, ನಿಮ್ಮ ಅರ್ಜಿ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಪ್ರಕಾರವೇ ನಡೆಯುತ್ತದೆ. ಆ ಕಾಯ್ದೆ ಅಧಿಕಾರವನ್ನು ಜಿಲ್ಲಾ ನ್ಯಾಯಾಲಯಕ್ಕೆ ಕೊಟ್ಟಿದೆ.

ಆ ಕಾಯ್ದೆಯ ಕಣ್ಣಿಗೆ ಬ್ಯಾಂಕೂ ಸಾಲ ಕೊಟ್ಟವರು, ಸೋದರಮಾವನೂ ಸಾಲ ಕೊಟ್ಟವರು. ಪ್ರತಿಯೊಬ್ಬರ ಹೆಸರು, ವಿಳಾಸ ಮತ್ತು ಬಾಕಿಯನ್ನು ಅರ್ಜಿಯಲ್ಲಿ ಬರೆದು, ಅದು ಸತ್ಯವೆಂದು ನೀವು ಸಹಿ ಹಾಕಬೇಕು. ಗೊತ್ತಿದ್ದೂ ಒಂದು ಹೆಸರನ್ನು ಬಿಡುವುದು ಸುಳ್ಳು ಪ್ರಮಾಣವಾಗುತ್ತದೆ. ಪತ್ರವಿಲ್ಲ ಎಂಬ ಮಾತ್ರಕ್ಕೆ ಮಾವನ ಸಾಲ ಸಾಲವಲ್ಲದೆ ಹೋಗುವುದಿಲ್ಲ. ಅವರು ಪ್ರಮಾಣಪತ್ರದ ಮೂಲಕ ಅದನ್ನು ರುಜುವಾತು ಮಾಡಬಹುದು. ಆದರೆ ಕೈಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿರುವುದರಿಂದ, ಹಣ ಕೊಟ್ಟ ದಿನವನ್ನೂ, ನಡುವೆ ನೀವು ಬಡ್ಡಿಯೋ ಅಸಲೋ ಕೊಟ್ಟದ್ದಕ್ಕೆ ಇರುವ ಬರಹವನ್ನೂ ನೋಡಬೇಕಾಗುತ್ತದೆ. 'ನನಗೆ ಬೇಡ ಬಿಡಪ್ಪ' ಎನ್ನುವುದು ಅವರ ಇಷ್ಟ. ಅದನ್ನು ಅವರ ಪರವಾಗಿ ನೀವು ತೀರ್ಮಾನಿಸುವಂತಿಲ್ಲ.

ಇನ್ನು ನಿವೇಶನ. ಸಾಲ ತೀರಿಸಲಾಗದ ಸ್ಥಿತಿಯಲ್ಲಿರುವವನು ಸಾಲ ಕೊಟ್ಟವರಲ್ಲಿ ಒಬ್ಬರಿಗೆ ಮಾತ್ರ ಅನುಕೂಲ ಮಾಡಿಕೊಡಲೆಂದೇ ಆಸ್ತಿ ಬರೆದುಕೊಟ್ಟು, ಮೂರು ತಿಂಗಳೊಳಗೆ ಅರ್ಜಿ ಸಲ್ಲಿಕೆಯಾಗಿ ದಿವಾಳಿಯೆಂದು ಘೋಷಿತನಾದರೆ, ಆ ವರ್ಗಾವಣೆ 54ನೇ ಕಲಮಿನಂತೆ ಅನೂರ್ಜಿತವಾಗುತ್ತದೆ. ದಾನಪತ್ರ ಮಾಡಿದರೆ ಇನ್ನೂ ಕೆಟ್ಟದ್ದು, ಏಕೆಂದರೆ ಬೆಲೆ ಪಡೆಯದ ವರ್ಗಾವಣೆಯನ್ನು 53ನೇ ಕಲಮಿನಂತೆ ಹಿಂದಿನ ಎರಡು ವರ್ಷಗಳವರೆಗೂ ರದ್ದುಪಡಿಸಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯ ಖರ್ಚು ದಂಡ, ಅಕ್ಕನಿಗೆ ಕೋರ್ಟಿನ ಅಲೆದಾಟ ಬೇರೆ. ಸಾಲದಿಂದ ಬಿಡುಗಡೆ ಕೋರುವಾಗ ಇಂಥ ಪಕ್ಷಪಾತವನ್ನು ನ್ಯಾಯಾಲಯ ನಿಮ್ಮ ವಿರುದ್ಧವೇ ಎಣಿಸುತ್ತದೆ. ನಿವೇಶನ ಮಾರಿ ಬಂದ ಹಣದಲ್ಲಿ ಸರ್ಕಾರದ ಬಾಕಿಯಂಥ ಆದ್ಯತೆಯ ಬಾಬುಗಳು ಕಳೆದು, ಉಳಿದದ್ದು ಭದ್ರತೆಯಿಲ್ಲದ, ಅಂದರೆ ಅಡಮಾನವೋ ಗಿರವಿಯೋ ಇಲ್ಲದ, ಸಾಲ ಕೊಟ್ಟವರೆಲ್ಲರಿಗೂ ಅವರವರ ಸಾಲದ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಮಾವನಿಗೂ ಅದರಲ್ಲಿ ಪಾಲಿದೆ.

ಒಡವೆಗಳು ಅಕ್ಕನವೇ ಆದರೂ, ಗಿರವಿ ಹಿಡಿದವರು ತಮ್ಮ ಹಣ ಬರುವವರೆಗೆ ಬಿಡುವುದಿಲ್ಲ. ಅಕ್ಕನ ಮನೆಯವರು ತಮ್ಮದೇ ಹಣದಿಂದ ಬಿಡಿಸಿಕೊಳ್ಳಲು ಸಾಧ್ಯವಾದರೆ ಅದು ಒಳ್ಳೆಯ ದಾರಿ. ಆಗ ಆ ಮೊತ್ತವನ್ನು ನೀವು ಅವರಿಗೆ ಕೊಡಬೇಕಾದ ಸಾಲವೆಂದು ಪಟ್ಟಿಯಲ್ಲಿ ತೋರಿಸಬೇಕು.

ಉದ್ದರಿ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಬೆಳೆಗಾರರಿಂದ ಬರಬೇಕಾದ ಬಾಕಿಯೂ ನಿಮ್ಮ ಆಸ್ತಿಯೇ. ಹಿಂದಿನ ಮೂರು ವರ್ಷಗಳ ಲೆಕ್ಕವನ್ನು ಸರಿಯಾಗಿ ಇಟ್ಟಿದ್ದೀರಾ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಭದ್ರತೆಯಿಲ್ಲದ ಸಾಲದಲ್ಲಿ ರೂಪಾಯಿಗೆ 50 ಪೈಸೆಯಷ್ಟೂ ಆಸ್ತಿ ಇಲ್ಲದಿದ್ದರೆ, ಅದಕ್ಕೆ ನೀವು ಹೊಣೆಯಲ್ಲವೆಂದು ಮನಗಾಣಿಸಬೇಕಾಗುತ್ತದೆ. ವಸೂಲಾಗದ ಉದ್ದರಿಯ ಆ ಪುಟಗಳೇ ಆಗ ನಿಮ್ಮ ಸಾಕ್ಷಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಭಾವಮೈದನ ವಿಷಯ. ನಿಮಗೆ ಬಿಡುಗಡೆ ಸಿಕ್ಕರೂ 44ನೇ ಕಲಮಿನಂತೆ ಜಾಮೀನುದಾರರಿಗೆ ಸಿಗುವುದಿಲ್ಲ, ಬ್ಯಾಂಕು ಅವರ ಬೆನ್ನು ಹತ್ತುತ್ತದೆ. ಅರ್ಜಿ ಹಾಕುವ ಮೊದಲೇ ಅವರನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋಗಿ, ಒಂದೇ ಕಂತಿನಲ್ಲಿ ಇತ್ಯರ್ಥಕ್ಕೆ ಒಪ್ಪುತ್ತಾರೆಯೇ ಎಂದು ವಿಚಾರಿಸಿ. ಮಾವನಿಗೂ ಅಕ್ಕನಿಗೂ ನ್ಯಾಯಾಲಯದ ನೋಟಿಸು ಮನೆಗೆ ಬರುತ್ತದೆ. ಅದನ್ನು ಅಂಚೆಯವನಿಂದ ತಿಳಿಯುವ ಮೊದಲು ನಿಮ್ಮ ಬಾಯಿಂದಲೇ ತಿಳಿಯಲಿ.