ಬಣ್ಣದ ಜಗಳದಲ್ಲಿ ಮರೆತುಹೋದ ಕಣ್ಣು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮೇ ಕೊನೆಯ ವಾರ. ಮಂಡ್ಯ ಕಡೆಯ ಕುಟುಂಬವೊಂದು ನನ್ನ ಹತ್ತಿರ ಸಲಹೆಗೆ ಬಂದಿತ್ತು. ಆರು ವರ್ಷದ ಹುಡುಗಿ, ತಂದೆ, ತಾಯಿ, ಅಜ್ಜಿ. ಮಗುವಿಗೆ ಆಲ್ಬಿನಿಸಂ, ಅಂದರೆ ಮೈ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಅಂಶ ಹುಟ್ಟಿನಿಂದಲೇ ತೀರಾ ಕಡಿಮೆ. ಹಾಲಿನಂಥ ಮೈ, ಮುಸುಕಿನ ಜೋಳದ ಎಳೆಯಂಥ ಕೂದಲು, ರೆಪ್ಪೆಯೂ ಬೆಳ್ಳಗೆ. ಒಂದನೇ ಕ್ಲಾಸಿಗೆ ಸೇರಿಸಬೇಕು, ಅಜ್ಜಿ ಬಿಡ್ತಿಲ್ಲ.

"ಮಕ್ಕಳು ಕಾಗೆ ಕುಕ್ಕಿದ ಹಾಗೆ ಕುಕ್ತಾವೆ. ಮನೇಲೇ ಇರಲಿ" ಅಂದರು. ಮಾತು ಬೆಳೆಯಿತು. "ಬಸುರೀಲಿ ಗ್ರಹಣದ ದಿನ ಹೊರಗೆ ಹೋಗ್ಬೇಡ ಅಂದೆ, ಕೇಳಿದ್ಲಾ?"

ತಾಯಿ ಅತ್ತುಬಿಟ್ಟರು. ತಂದೆ ನೆಲ ನೋಡ್ತಾ ಕೂತಿದ್ದರು. ಆಕೆ ಮದುವೆಯಾಗಿರುವುದು ಸೋದರಮಾವನನ್ನೇ. ಅಂದರೆ ಅತ್ತೆಯೇ ಆಕೆಯ ಸ್ವಂತ ಅಜ್ಜಿ. ಎತ್ತಿ ಆಡಿಸಿದವರ ಬಾಯಲ್ಲೇ ಈ ಮಾತು ಬಂದರೆ ಎಷ್ಟು ನೋವಾಗಬೇಡ?

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಅಜ್ಜಿಗೆ ಬಿಡಿಸಿ ಹೇಳಿದೆ. ತಂದೆ, ತಾಯಿ ಇಬ್ಬರಿಂದಲೂ ಒಳಗೇ ಅಡಗಿದ್ದ ಅಂಶ ಮಗುವಿಗೆ ಬಂದಾಗ ಹೀಗಾಗುತ್ತದೆ. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಜಾಸ್ತಿ. "ನಿಮ್ಮ ಮಗನಿಂದ ಬಂದಿದ್ದೂ ಅಷ್ಟೇ ಇದೆ" ಅಂದೆ. ಆಗ ತಂದೆ ಮೊದಲ ಸಲ ತಲೆ ಎತ್ತಿದರು.

ಇಷ್ಟು ಹೊತ್ತೂ ಹುಡುಗಿ ಚಿತ್ರದ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕತ್ತು ವಾಲಿಸಿ ನೋಡ್ತಿದ್ದಳು. ಕಣ್ಣುಗುಡ್ಡೆ ಅತ್ತಿತ್ತ ಅಲುಗಾಡ್ತಿತ್ತು. ಕಿಟಕಿ ಕಡೆ ತಿರುಗಿದರೆ ಹಣೆಗೆ ಕೈ ಅಡ್ಡ. ಕಣ್ಣು ಯಾವಾಗ ತೋರಿಸಿದ್ದು ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಆರು ವರ್ಷ ಬಣ್ಣಕ್ಕೇ ಜಗಳ. ನನಗೆ ನಿಜಕ್ಕೂ ಸಂಕಟವಾಯಿತು. ಆಲ್ಬಿನಿಸಂ ಇರುವ ಮಕ್ಕಳಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಕನ್ನಡಕದಿಂದ ಅನುಕೂಲವಾಗಬಹುದು, ಪೂರ್ತಿ ಸರಿಹೋಗುವುದಿಲ್ಲ.

ಹಾಗಾಗಿ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಅಂದೆ. ಶಾಲೆ ಶುರುವಾಗುವ ಮುಂಚೆಯೇ ಟೀಚರನ್ನು ನೋಡಿ. ಮುಂದಿನ ಬೆಂಚು, ಕಿಟಕಿಗೆ ಬೆನ್ನು. ಬೋರ್ಡಿನ ಮೇಲೆ ಬರೆದದ್ದನ್ನು ಟೀಚರ್ ಜೋರಾಗಿ ಓದಲಿ. ಪುಸ್ತಕ ದೂರ ಹಿಡಿ ಅಂತ ಯಾರೂ ಗದರಬಾರದು. ಬಿಸಿಲಿಗೆ ತುಂಬುತೋಳು, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯೂ ಸೇರಿದೆ, ಪ್ರಮಾಣಪತ್ರ ಸಿಗುತ್ತದಾ ಅಂತ ಡಾಕ್ಟರನ್ನೇ ಕೇಳಿ.

"ನೀನ್ಯಾಕೆ ಇಷ್ಟು ಬೆಳ್ಳಗೆ?" ಅಂತ ಮಕ್ಕಳು ಕೇಳೇ ಕೇಳ್ತಾರೆ. ಉತ್ತರ ಮನೆಯಲ್ಲೇ ರೂಢಿಯಾಗಲಿ: "ಹುಟ್ಟಿದಾಗಿಂದ ಹೀಗೇ. ಅಂಟಲ್ಲ. ಬಾ, ಆಡೋಣ." ಹೇಳಿಕೊಡುವ ಕೆಲಸವನ್ನು ಬೇಕಂತಲೇ ಅಜ್ಜಿಗೆ ಕೊಟ್ಟೆ.

ಜುಲೈನಲ್ಲಿ ತಾಯಿ ಫೋನ್ ಮಾಡಿದ್ದರು. ಕನ್ನಡಕ ಬಂದಿದೆ. ಒಬ್ಬ ಹುಡುಗ 'ಜಿರಲೆ' ಅಂತಾನಂತೆ. ಅವನನ್ನು ಎಲ್ಲರ ಮುಂದೆ ಬೈಯುವುದು ಬೇಡ, ಟೀಚರ್ ಪಕ್ಕಕ್ಕೆ ಕರೆದು ಮಾತಾಡಲಿ ಅಂದೆ. ಶಾಲೆಗೆ ಅಜ್ಜಿಯೇ ಕೊಡೆ ಹಿಡಿದು ಬಿಟ್ಟುಬರ್ತಾರಂತೆ. ಆದರೆ ಗ್ರಹಣದ ಮಾತು ಸೊಸೆಯ ಮನಸ್ಸಿನಲ್ಲಿ ಹಾಗೇ ಕೂತಿದೆ. ಮುಂದಿನ ವಾರ ಅವರಿಬ್ಬರೇ ಬರಲಿ ಅಂತ ಹೇಳಿದ್ದೇನೆ.